ಸ್ಟಿಕ್ ತಾನಾಗೇ ಜಾರುತ್ತಿದೆಯಾ? ಸ್ಪ್ರೇ ಕೆಳಗಿಡಿ

ಪ್ರಶ್ನೆ: ಕಂಟ್ರೋಲರ್‌ನ ಎಡ ಸ್ಟಿಕ್ ಮುಟ್ಟದಿದ್ದರೂ ಆಟದಲ್ಲಿ ನನ್ನ ಪಾತ್ರ ತಾನಾಗೇ ನಡೆಯುತ್ತದೆ. ವಿಡಿಯೋ ನೋಡಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದೆ. ಎರಡು ವಾರ ಸರಿ ಇತ್ತು, ಮತ್ತೆ ಶುರುವಾಗಿದೆ. ಇನ್ನಷ್ಟು ಹೊಡೆಯಲೇ?

ಬೇಡ. ಈ ಪ್ರಶ್ನೆ ಬರುವುದು ಯಾವಾಗಲೂ ಸ್ಪ್ರೇ ಹೊಡೆದಾದ ಮೇಲೇ. ಅದೇ ನನಗೆ ಬೇಸರ.

ಸ್ಟಿಕ್‌ನ ಬುಡದಲ್ಲಿ ಎರಡು ಪುಟ್ಟ ಪೊಟೆನ್ಶಿಯೋಮೀಟರ್, ಅಂದರೆ ಸ್ಟಿಕ್ ಎಷ್ಟು ವಾಲಿದೆ ಎಂದು ಅಳೆಯುವ ಭಾಗಗಳು, ಇರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಒಳಗೆ ಇಂಗಾಲದ ತೆಳು ಪಟ್ಟಿ, ಅದನ್ನು ಉಜ್ಜಿಕೊಂಡೇ ಓಡಾಡುವ ಲೋಹದ ನಾಲಗೆ. ಸವೆದದ್ದೊಂದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಪಟ್ಟಿಯ ಮೇಲೆ ಗಾಡಿ ಜಾಡಿನ ಹಾಗೆ ಗೆರೆ ಬಿದ್ದಿರುತ್ತದೆ. ನಾಲಗೆಯ ತುದಿಗೆ ಕಾಡಿಗೆಯಂಥ ಪುಡಿ ಮೆತ್ತಿರುತ್ತದೆ. ಆ ಪುಡಿ ಪಟ್ಟಿಯದ್ದೇ. ಕಾಂಟ್ಯಾಕ್ಟ್ ಕ್ಲೀನರ್ ಅದನ್ನು ತೊಳೆಯುತ್ತದೆ, ಅಷ್ಟೇ. ಸವೆದದ್ದನ್ನು ಎಲ್ಲಿಂದ ತರುತ್ತದೆ? ಇನ್ನು ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ ಎನ್ನುವವರ ಮಾತು ಕೇಳಲೇಬೇಡಿ. ಎಣ್ಣೆ ಅಲ್ಲೇ ನಿಂತು ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಪರೀಕ್ಷಿಸುವ ಪರದೆ ಇದ್ದರೆ ತೆರೆಯಿರಿ. ಸ್ಟಿಕ್ ತಿರುಗಿಸಿ, ಕೈ ಬಿಟ್ಟು, ಚುಕ್ಕೆಯನ್ನೇ ನೋಡಿ. ನಡುವಿನಿಂದ ಸ್ವಲ್ಪ ಸರಿದು ಅಲ್ಲೇ ಅಲ್ಲಾಡದೆ ನಿಂತರೆ ಸ್ಪ್ರಿಂಗ್ ಸಡಿಲವಾಗಿರಬಹುದು. ಕ್ಯಾಲಿಬ್ರೇಷನ್ ಮಾಡಿ, ಅಂದರೆ ನಡು ಯಾವುದೆಂದು ಅದಕ್ಕೆ ಮತ್ತೆ ಕಲಿಸಿ. ಇಲ್ಲವೇ ಡೆಡ್‌ಝೋನ್, ಅಂದರೆ ಸ್ಟಿಕ್ ಸರಿದರೂ ಲೆಕ್ಕಕ್ಕೆ ಬಾರದ ನಡುವಿನ ಜಾಗ, ಒಂಚೂರು ಹೆಚ್ಚಿಸಿ. ಜಾಸ್ತಿ ಮಾಡಿದರೆ ಸಣ್ಣ ಚಲನೆಗಳು ದಾಖಲಾಗುವುದೇ ಇಲ್ಲ, ಗುರಿ ಹಿಡಿಯುವಾಗ ಗೊತ್ತಾಗುತ್ತದೆ. ಚುಕ್ಕೆ ನಡುಗುತ್ತಾ ಜಿಗಿಯುತ್ತಿದ್ದರೆ ಪಟ್ಟಿ ಸವೆದಿದೆ ಎಂದೇ ತಿಳಿಯಿರಿ. ಸ್ಟಿಕ್ ಬದಲಿಸಬೇಕು.

ವಾರಂಟಿ ಇದ್ದರೆ ಸ್ಕ್ರೂ ಮುಟ್ಟಬೇಡಿ. ಇಲ್ಲದಿದ್ದರೆ ಯಾವ ಕಂಟ್ರೋಲರ್ ಎನ್ನುವುದು ಮುಖ್ಯ. ನಿಂಟೆಂಡೊ ಸ್ವಿಚ್‌ನ ಕಂಟ್ರೋಲರ್ ಜಾಯ್‌ಕಾನ್‌ನಲ್ಲಿ ಸ್ಟಿಕ್ ಚಪ್ಪಟೆ ರಿಬ್ಬನ್ ಕೇಬಲ್‌ನಿಂದ ಬೋರ್ಡಿಗೆ ಸೇರಿರುತ್ತದೆ, ಸಾಲ್ಡರ್ ಬೇಕಿಲ್ಲ. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್‌ನಂಥದ್ದರಲ್ಲಿ ಒಂದೊಂದು ಸ್ಟಿಕ್‌ಗೂ 14 ಕಡೆ ಸಾಲ್ಡರ್. ಪೂರ್ತಿ ಕರಗುವ ಮುಂಚೆ ಎಳೆದರೆ ಬೋರ್ಡಿನ ತಾಮ್ರವೂ ಜೊತೆಗೇ ಕಿತ್ತು ಬರುತ್ತದೆ. ನನ್ನ ಕೈಯಲ್ಲೇ ಒಂದು ಬೋರ್ಡ್ ಹಾಗೆ ಹೋಗಿದೆ. ಹಾಗಾಗಿ ಹೊಸಬರಿಗೆ ಇದನ್ನು ನಾನು ಹೇಳಿಕೊಡುವುದಿಲ್ಲ, ಕೈ ಪಳಗಿದವರಿಗೆ ಕೊಡಿ.

ಬದಲಿಸುವುದೇ ಆದರೆ ಹಾಲ್ ಎಫೆಕ್ಟ್ ಸ್ಟಿಕ್ ಕೇಳಿ. ಅದು ಅಳೆಯುವುದು ಅಯಸ್ಕಾಂತದಿಂದ, ಉಜ್ಜಾಟವಿಲ್ಲ, ಪಟ್ಟಿ ಸವೆಯುವ ಮಾತಿಲ್ಲ. ಹೊಸದೇನಲ್ಲ, 1998ರ ಗೇಮ್ ಕನ್ಸೋಲ್ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲೇ ಇತ್ತು. ಇಷ್ಟು ವರ್ಷವಾದರೂ ದುಬಾರಿ ಕಂಟ್ರೋಲರ್‌ಗಳಲ್ಲೂ ಸವೆಯುವ ಪಟ್ಟಿಯನ್ನೇ ಹಾಕುತ್ತಾರಲ್ಲ, ಅದಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಹಾಕಿಸಿದ ಮೇಲೆ ಕ್ಯಾಲಿಬ್ರೇಷನ್ ಮಾಡಿಸಲು ಮರೆಯಬೇಡಿ.

ಪ್ರಶ್ನೆ: ಕೆಂಪು ದೀಪ ಉರಿಯುವ ಎಕ್ಸ್‌ಬಾಕ್ಸ್ 360ಗೆ ಟವೆಲ್ ಸುತ್ತಿ ಬಿಸಿ ಮಾಡಿದರೆ ಸರಿಯಾಗುತ್ತದಂತೆ?

ಬಿಸಿಯಿಂದ ಕೆಟ್ಟ ಯಂತ್ರಕ್ಕೆ ಬಿಸಿಯೇ ಮದ್ದಾ? 2007ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆಂದೇ ವಾರಂಟಿಯನ್ನು 3 ವರ್ಷಕ್ಕೆ ಏರಿಸಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ಟವೆಲ್‌ನಿಂದ ಆಗುವಂತಿದ್ದರೆ ಅಷ್ಟು ದುಡ್ಡು ಯಾಕೆ ಬೇಕಿತ್ತು?

ಪ್ರಶ್ನೆ: ಹಳೆ ಗೇಮ್ ಕಾರ್ಟ್ರಿಡ್ಜ್‌ಗೆ ಬಾಯಿಂದ ಊದಬಹುದಾ?

ಬೇಡ. ಉಸಿರಿನ ತೇವಕ್ಕೆ ಲೋಹ ಹಾಳಾಗುತ್ತದೆ. ತೆಗೆದು ಮತ್ತೆ ಹಾಕಿದ್ದಕ್ಕೆ ಕೆಲಸ ಮಾಡಿತು, ಊದಿದ್ದಕ್ಕಲ್ಲ.

ಪ್ರಶ್ನೆ: ಕಾರ್ಟ್ರಿಡ್ಜ್ ಒಳಗಿನ ಬ್ಯಾಟರಿ ಬದಲಿಸಿದರೆ ಸೇವ್, ಅಂದರೆ ಅಲ್ಲಿವರೆಗೆ ಆಡಿದ್ದು, ಉಳಿಯುತ್ತದಾ?

ಸುಮ್ನೆ ಕಿತ್ತರೆ ಅಳಿಸಿಹೋಗುತ್ತದೆ. ಮೊದಲು ಸೇವ್ ಅನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ, ಆಮೇಲೆ ಬ್ಯಾಟರಿ ಬಿಚ್ಚಿ.