ಗಿಟಾರ್ ಪ್ರಶ್ನೋತ್ತರ: ಸಿ ಕಾರ್ಡ್ ಸುತ್ತಲೇ ಸರಿಗಮ ಇದೆ

ಪ್ರಶ್ನೆ: ಸರ್, ನಂಗೆ ಗಿಟಾರಲ್ಲಿ ಸಿ, ಜಿ, ಡಿ, ಇ ಮೈನರ್, ಎ ಮೈನರ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಲ್ಲಾ ಬರುತ್ತೆ, ಚೇಂಜ್ ಮಾಡುವಾಗ ತಡವರಿಸೋದೂ ನಿಂತಿದೆ. ಆದ್ರೆ ಭಾವಗೀತೆ ಆಗ್ಲಿ ಸಿನಿಮಾ ಹಾಡಾಗ್ಲಿ, ನಾನು ನುಡಿಸಿದ್ರೆ ಎಲ್ಲಾ ಒಂದೇ ಥರ ಕೇಳುತ್ತೆ. ಇನ್ನೂ ದೊಡ್ಡ ದೊಡ್ಡ ಕಾರ್ಡ್ ಕಲೀಬೇಕಾ? ಚಿಕ್ಕವಳಿದ್ದಾಗ ಜಂಟಿ ವರಸೆ (ಸ್ವರಗಳನ್ನ ಜೋಡಿ ಜೋಡಿಯಾಗಿ ಹಾಡೋ ಆರಂಭದ ಪಾಠ) ತನಕ ಕರ್ನಾಟಕ ಸಂಗೀತ ಕಲ್ತಿದ್ದೆ, ಅದೇನಾದ್ರೂ ಉಪಯೋಗಕ್ಕೆ ಬರುತ್ತಾ?
- ಓದುಗರು, ಹಾಸನ

ಉತ್ತರ: ಹೊಸ ಕಾರ್ಡ್ ಸದ್ಯಕ್ಕೆ ಬೇಡ ಮೇಡಂ. ಜಂಟಿ ವರಸೆ ಮಾತ್ರ ಖಂಡಿತ ಉಪಯೋಗಕ್ಕೆ ಬರುತ್ತೆ.

ಸಿ ಕಾರ್ಡ್ ಹಿಡ್ಕೊಳ್ಳಿ, ತೀರಾ ತೆಳ್ಳಗಿರೋ ತಂತಿನ ಒಂದನೇದು ಅಂತ ಎಣಿಸಿ. ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆಗಳೇ ಫ್ರೆಟ್. ತೋರುಬೆರಳು ಎರಡನೇ ತಂತಿ 1ನೇ ಫ್ರೆಟ್‌ನಲ್ಲಿದೆಯಲ್ಲ, ಅದೇ ನಿಮ್ಮ ಸ. ಆ ಬೆರಳು ಎತ್ತಿದ್ರೆ ಕೆಳಗಿನ ನಿ, ಅದೇ ತಂತಿ 3ನೇ ಫ್ರೆಟ್‌ಗೆ ಕಿರುಬೆರಳು ಒತ್ತಿದ್ರೆ ರಿ. ಒಂದನೇ ತಂತಿ ಖಾಲಿ ಮೀಟಿದ್ರೆ ಗ, ಅದರ 1ನೇ ಫ್ರೆಟ್ ಮ, 3ನೇ ಫ್ರೆಟ್ ಪ. ಇನ್ನೂ ಕೆಳಗೆ ಬೇಕಂದ್ರೆ ಮೂರನೇ ತಂತಿ ಖಾಲಿ ಇದ್ದಾಗ ಮಂದ್ರ ಪ, 2ನೇ ಫ್ರೆಟ್‌ನಲ್ಲಿ ದ, ಇದಕ್ಕೆ ಮಧ್ಯದ ಬೆರಳನ್ನ ಒಂದು ಕ್ಷಣ ನಾಲ್ಕನೇ ತಂತಿಯಿಂದ ಈ ಕಡೆ ತರಬೇಕಾಗುತ್ತೆ ಅಷ್ಟೇ. ನೋಡಿ, ಮಂದ್ರ ಪಂಚಮದಿಂದ ಮಧ್ಯ ಪಂಚಮದ ತನಕ ಶಂಕರಾಭರಣ ರಾಗದ ಸ್ವರ ಅಷ್ಟೂ ನೀವು ದಿನಾ ಹಿಡಿಯೋ ಕಾರ್ಡ್ ಸುತ್ತಲೇ ಇದೆ! ಹಾಡಿನ ಸಾಲು ಬಾಯಲ್ಲಿ ಸ್ವರ ಹಾಕಿ ಹಾಡ್ಕೊಂಡು ಆ ಸ್ವರ ಎಲ್ಲಿದೆ ಅಂತ ಬೆರಳಲ್ಲಿ ಹುಡುಕಿ. ಆದ್ರೆ ಜಂಟಿ ವರಸೆ ಕಲಿಸೋದು ಮಾಯಾಮಾಳವಗೌಳ ರಾಗದಲ್ಲಿ, ಅಲ್ಲಿ ರಿ ಎರಡನೇ ತಂತಿಯ 2ನೇ ಫ್ರೆಟ್‌ಗೆ ಬರುತ್ತೆ, ಅದನ್ನ ಸಿ ಕಾರ್ಡ್ ಮೇಲೆ ಎಳೆದು ನಿಲ್ಲಿಸಿದ್ರೆ ಕಿವಿಗೆ ಕಿರಿಕಿರಿ. ಅದಕ್ಕೇ ಶುರುವಿಗೆ ಶಂಕರಾಭರಣ ಇಲ್ಲಾ ಮೋಹನ ಇಟ್ಕೊಳ್ಳಿ. ಗಮಕ (ಸ್ವರವನ್ನ ಅಲುಗಿಸಿ ಹಾಡೋದು) ಎಲ್ಲಿ ಅಂತ ನಿಮ್ಮ ಸಂಗೀತದ ಮೇಡಂ ಕೇಳಬಹುದು, ಕೇಳಲಿ ಬಿಡಿ.

ಈಗ ಮುಖ್ಯವಾದ ವಿಷಯ. ಬೆರಳು ಸರಿಯಾಗಿಟ್ರೂ ರಾಗ ಕೇಳಿಸಲ್ಲ ಅಂತ ಸುಮಾರು ಜನ ಹೇಳ್ತಾರೆ, ಕಾರಣ ಬಲಗೈ. ನಾವು ಸ್ಟ್ರಮ್ ಮಾಡಿದಾಗ, ಅಂದ್ರೆ ತಂತಿಗಳನ್ನ ಒಂದೇ ಏಟಿಗೆ ಬಾರಿಸಿದಾಗ, ಕಿವಿ ಹಿಡಿಯೋದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ಸ್ವರಾನೇ. ಎರಡನೇ ತಂತೀಲಿ ರಿ ಇಟ್ಟು ಆರೂ ತಂತಿ ಬಾರಿಸಿದ್ರೆ ಒಂದನೇ ತಂತಿಯ ಗ ಬಂದು ರಿ ಮೇಲೆ ಕೂತ್ಕೊಳುತ್ತೆ, ನೀವು ಪಟ್ಟ ಕಷ್ಟ ಯಾರಿಗೂ ಕೇಳಲ್ಲ. ಹಾಗಾಗಿ ರಾಗ ಯಾವ ತಂತೀಲಿದೆಯೋ ಅಲ್ಲಿಗೇ ಸ್ಟ್ರಮ್ ನಿಲ್ಲಿಸಿ, ಅಥವಾ ಹೆಬ್ಬೆರಳಲ್ಲಿ ಐದನೇ ತಂತಿ ಮೀಟಿ ಇನ್ನೊಂದು ಬೆರಳಲ್ಲಿ ರಾಗದ ತಂತಿ ಮಾತ್ರ ಎತ್ತಿ, ಮಧ್ಯದ ತಂತಿಗಳು ಆಗಾಗ ಬಂದ್ರೆ ಸಾಕು.

ಡಿ ಕಾರ್ಡಲ್ಲಿ ಇದೇ ಆಟ ಇನ್ನೂ ಸುಲಭ. ಡಿ ನ ಸ ಮಾಡ್ಕೊಂಡ್ರೆ ಒಂದನೇ ತಂತಿ ಖಾಲಿ ರಿ, 2ನೇ ಫ್ರೆಟ್ ಗ, 3ನೇ ಫ್ರೆಟ್ ಮ. ಸಸ್2 (ಗ ಬದಲು ರಿ), ಸಸ್4 (ಗ ಬದಲು ಮ) ಅಂತ ದೊಡ್ಡ ಹೆಸರಿಟ್ಟು ಹೆದರಿಸೋದು ಇದನ್ನೇ. ಅಮ್ಮನೋ ತಂಗಿನೋ ಪಕ್ಕದಲ್ಲಿ ಹಾಡ್ತಿದ್ದು, ಅವರು ಗಾಂಧಾರದ ಮೇಲೆ ನಿಂತಿರುವಾಗ ಮಾತ್ರ ನೀವು ಸಸ್4 ಹಾಕಿ ಮಧ್ಯಮ ನುಡಿಸ್ಬೇಡಿ, ಎರಡೂ ಗುದ್ದಾಡುತ್ತೆ. ಸಾಲು ಮುಗಿದು ಉಸಿರು ತಗೊಳ್ತಾರಲ್ಲ, ಆ ಗ್ಯಾಪಲ್ಲಿ ನಿಮ್ಮ ಕಸರತ್ತು ಮಾಡಿ.

ಇನ್ನೊಂದು, ಜಿ ಕಾರ್ಡಲ್ಲಿ ಉಂಗುರ ಬೆರಳನ್ನ ಎರಡನೇ ತಂತಿ 3ನೇ ಫ್ರೆಟ್‌ಗೆ, ಕಿರುಬೆರಳನ್ನ ಒಂದನೇ ತಂತಿ 3ನೇ ಫ್ರೆಟ್‌ಗೆ ಇಡಿ. ಇವೆರಡೂ ಅಲ್ಲೇ ಇರಲಿ, ಉಳಿದ ಎರಡು ಬೆರಳು ಮಾತ್ರ ಜರುಗಿಸಿದ್ರೆ ಇ ಮೈನರ್ 7, ಸಿ ಆಡ್ 9, ಡಿ ಸಸ್4 ಎಲ್ಲಾ ಬರುತ್ತೆ. ಮೇಲಿನ ಎರಡು ಸ್ವರ ತಂಬೂರಿ ಥರ ನಿಂತೇ ಇರುತ್ತೆ. ಭಾವಗೀತೆಗೆ ಇದು ತುಂಬಾ ಒಪ್ಪುತ್ತೆ ಅಂತ ನನ್ನ ಅನಿಸಿಕೆ.

ಪ್ರಶ್ನೆ: ಎಫ್ ಬಾರ್ ಕಾರ್ಡ್ (ತೋರುಬೆರಳನ್ನ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತೋದು) ಕೂರ್ತಾನೇ ಇಲ್ಲ, ಏನ್ಮಾಡ್ಲಿ?
- ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬಾರ್ ಬಿಡಿ. ಸಿ ಕಾರ್ಡಲ್ಲಿ ತೋರುಬೆರಳು ಅಲ್ಲೇ ಇರಲಿ, ಉಳಿದೆರಡು ಬೆರಳು ಮಾತ್ರ ಒಂದೊಂದು ತಂತಿ ತೆಳು ಕಡೆಗೆ ಸರಿಸಿ: ನಾಲ್ಕನೇ ತಂತಿ 3, ಮೂರನೇದು 2, ಎರಡನೇದು 1, ಒಂದನೇದು ಖಾಲಿ. ಇದು ಎಫ್ ಮೇಜರ್ 7, ಎಷ್ಟೋ ಹಾಡಿಗೆ ಎಫ್ ಗಿಂತ ಇದೇ ಚೆಂದ. ಐದು ಆರನೇ ತಂತಿ ಮುಟ್ಟಬೇಡಿ.

ಪ್ರಶ್ನೆ: ಇ ಕಾರ್ಡ್ ಹಾಗೇ ಮೇಲಕ್ಕೆ ಜಾರಿಸಿದ್ರೆ ಚೆನ್ನಾಗಿ ಕೇಳುತ್ತೆ ಅಂತ ಫ್ರೆಂಡ್ ಹೇಳ್ದ, ನಾನು ಜಾರಿಸಿದ್ರೆ ಕರ್ಕಶ ಆಗುತ್ತೆ.
- ಓದುಗರು, ಶಿರಸಿ

ಉತ್ತರ: ಎಲ್ಲಿ ಬೇಕಾದ್ರಲ್ಲಿ ನಿಲ್ಲಿಸಿದ್ರೆ ಹಾಗೇ ಆಗೋದು. ತೋರುಬೆರಳು 6ನೇ ಫ್ರೆಟ್, ಉಳಿದೆರಡು 7ರಲ್ಲಿ ನಿಲ್ಲಿಸಿ ನೋಡಿ, ಅದು ಎ. ತೋರುಬೆರಳು 8, ಉಳಿದೆರಡು 9ಕ್ಕೆ ಹೋದ್ರೆ ಬಿ. ಒಂದು ಎರಡನೇ ತಂತಿ ಖಾಲಿ ಮೊಳಗ್ತಾ ಇರೋದ್ರಿಂದ ಮಾಮೂಲಿ ಬಾರ್ ಕಾರ್ಡಿಗಿಂತ ಅಗಲವಾಗಿ ಕೇಳುತ್ತೆ. ಬಿ ಕಡೆ ಸ್ವಲ್ಪ ಉಜ್ಜಿದ ಹಾಗೆ ಅನ್ಸಿದ್ರೆ ಅಲ್ಲಿ ಆರನೇ ತಂತಿ ಬಿಟ್ಟು ಮೀಟಿ.