ಬೂಟಿನ ಮೇಲಿನ ಬಿಳಿ ಪುಡಿ ಬೂಷ್ಟಲ್ಲ

ನಿಮ್ಮ 54 ಮಿ.ಮೀ. ಅಳತೆಯ ಸೀಸದ ಸೈನಿಕ ಗೊಂಬೆಯ ಬೂಟಿನ ಹತ್ತಿರ ಬಿಳಿ ಪುಡಿ ಬರುತ್ತಿದೆ, ಬೂಷ್ಟಾ, ಒರೆಸಿ ಬಣ್ಣ ಹಚ್ಚಲಾ ಅಂತ ಕೇಳಿದ್ದೀರಿ. ಬೂಷ್ಟಲ್ಲ, ಸೀಸ ಕೊಳೆಯುತ್ತಿರುವ ಹಾಗಿದೆ. ದಾವಣಗೆರೆ ಸೆಕೆಗಿಂತ ನಿಮ್ಮ ಹೊಸ ಪ್ಲೈವುಡ್ ಶೋಕೇಸ್ ಮೇಲೇ ನನಗೆ ಅನುಮಾನ ಜಾಸ್ತಿ. ಮರದಿಂದ ಹೊರಬರುವ ಹುಳಿ ಆವಿ, ಅಂದರೆ ವಿನೆಗರ್‌ನಲ್ಲಿರುವ ಅದೇ ಅಸಿಟಿಕ್ ಆಮ್ಲ, ಮುಚ್ಚಿದ ಬಾಗಿಲೊಳಗೆ ಸೀಸವನ್ನು ತಿನ್ನುತ್ತದೆ. ಚಿತ್ರದುರ್ಗದ ನಮ್ಮನೆ ಮರದ ಬೀರುವಿನಲ್ಲೂ ಹೀಗೇ ಆಗಿತ್ತು. ಸುಮ್ನೆ ಇರದೆ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಪುಡಿ ಜೊತೆ ನನ್ನ ಸೈನಿಕ ಗೊಂಬೆಯ ಪ್ಯಾಂಟಿನ ಹಸಿರು ಚುಕ್ಕೆಗಳೂ ಹೋದವು!

ಮೊದಲು ಗೊಂಬೆಯನ್ನು ಗಾಜು, ಕಬ್ಬಿಣದ ಕಪಾಟಿಗೆ ಸಾಗಿಸಿ. ಪುಡಿ ವಿಷ, ಊದಬೇಡಿ. ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಒರೆಸಿ, ಚೆನ್ನಾಗಿ ಒಣಗಿಸಿ, ಕೈ ತೊಳೆಯಿರಿ. ಬಣ್ಣಕ್ಕೆ ಅವಸರ ಬೇಡ. ಮುಂದೆ ಕೊಳ್ಳುವಾಗ ತವರ (ಟಿನ್) ಜಾಸ್ತಿ ಇರುವ ಗೊಂಬೆಯನ್ನೇ ನೋಡಿ, ಅದಕ್ಕೆ ಈ ಕಾಟ ಕಡಿಮೆ.