ತುಮಕೂರಿನ ಕೆರೆಯಲ್ಲಿ ನನ್ನ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಫ್ಲೋಟ್‌ಪ್ಲೇನ್, ಅಂದರೆ ನೀರಿನಿಂದ ಮೇಲೇಳುವ ಮಾದರಿ ವಿಮಾನ, ಓಡುತ್ತದೆ, ಮೇಲೇಳುತ್ತಿಲ್ಲ. ದೊಡ್ಡ ಮೋಟಾರ್ ಕೊಳ್ಳಬೇಕೇ?

ಬೇಡ. ಮೊದಲು ಫ್ಲೋಟ್‌ಗಳನ್ನು, ಅಂದರೆ ವಿಮಾನದಡಿಯ ದೋಣಿಯಂಥ ಪಾದಗಳನ್ನು, ಎಲ್ಲಿ ಕೂರಿಸಿದ್ದೀರಿ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ಫ್ಲೋಟ್‌ನ ತಳದಲ್ಲಿ, ಮಧ್ಯದ ಹತ್ತಿರ, ಒಂದು ಮೆಟ್ಟಿಲು ಇರುತ್ತದೆ. ನಯವಾದ ತಳಕ್ಕೆ ನೀರು ಅಂಟಿಕೊಂಡು ಕೆಳಗೆ ಎಳೆಯುತ್ತದೆ. ಮೆಟ್ಟಿಲಿನ ಚೂಪು ಅಂಚು ಆ ಹರಿವನ್ನು ಕಡಿದು ಹಿಂಭಾಗದಡಿ ಗಾಳಿ ಬಿಡುತ್ತದೆ. ಆಗಲೇ ವಿಮಾನ ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರತೊಡಗುವುದು. 1.2 ಮೀಟರ್ ರೆಕ್ಕೆಯ ಮಾದರಿಗೆ ಈ ಮೆಟ್ಟಿಲು ಭಾರಕೇಂದ್ರಕ್ಕಿಂತ 10–15 ಮಿ.ಮೀ. ಹಿಂದಿರಲಿ. ತೀರಾ ಹಿಂದೆ ಹೋದರೆ ಎಲಿವೇಟರ್ (ಮೂತಿಯನ್ನು ಏರಿಳಿಸುವ, ಬಾಲದ ಪಟ್ಟಿ) ಎಷ್ಟು ಎಳೆದರೂ ಮೂತಿ ಏಳದು, ಮುಂದೆ ಬಂದರೆ ಬಾಲ ನೀರಲ್ಲೇ ಕೂರುತ್ತದೆ. ಭಾರಕೇಂದ್ರವನ್ನು ಫ್ಲೋಟ್, ಬ್ಯಾಟರಿ ಎರಡನ್ನೂ ಹಾಕಿದ ಮೇಲೆಯೇ ಅಳೆಯಿರಿ. ಫ್ಲೋಟ್‌ನ ತುದಿ ಪ್ರೊಪೆಲ್ಲರ್‌ಗಿಂತ ಮುಂದಿರಬೇಕು, ಇಲ್ಲದಿದ್ದರೆ ಮುಗ್ಗರಿಸುತ್ತದೆ.

ಗಾಳಿಗೆ ಎದುರಾಗಿ ಹೊರಡಿ: ಮೊದಲು ಎಲಿವೇಟರ್ ಪೂರ್ತಿ ಎಳೆದು ಥ್ರಾಟಲ್ (ಮೋಟಾರಿನ ವೇಗ) ಕೊಡಿ, ಜಾರತೊಡಗಿದ ಕೂಡಲೇ ಎಲಿವೇಟರ್ ಸಡಿಲಿಸಿ, ವೇಗ ಬಂದ ಮೇಲೆ ಮೆಲ್ಲಗೆ ಎತ್ತಿ. ಎಳೆದೇ ಹಿಡಿದಿರುವುದು ಹೊಸಬರ ಮಾಮೂಲಿ ತಪ್ಪು. ತುಮಕೂರು ಸುಮಾರು 800 ಮೀಟರ್ ಎತ್ತರದಲ್ಲಿದೆ. ಗಾಳಿ ಸಮುದ್ರಮಟ್ಟಕ್ಕಿಂತ ಶೇ 7–8ರಷ್ಟು ತೆಳು, ಹಾಗಾಗಿ ಓಟ ತುಸು ಉದ್ದವೇ. ಕನ್ನಡಿಯಂತೆ ನಿಂತ ನೀರಿಗಿಂತ ಸಣ್ಣ ಅಲೆಗಳಿರುವ ಹೊತ್ತು ವಾಸಿ, ಅಂಟು ಬೇಗ ಬಿಡುತ್ತದೆ.

ಹಾರಿಸುವ ಮುನ್ನ ಡಿಜಿಸಿಎಯ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ), ಎಲ್ಲಿ ಹಾರಿಸಬಹುದೆಂದು ಬಣ್ಣಗಳಲ್ಲಿ ತೋರಿಸುವ ವಾಯುಪ್ರದೇಶ ನಕ್ಷೆಯಲ್ಲಿ ಆ ಕೆರೆ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.